ನ್ಯೂಜಿಲೆಂಡಿನಲ್ಲಿ ದಿನಾ ಕಿವಿಗೆ ಬೀಳುವ ಮಾವೊರಿ ಪದಗಳು: ಕನ್ನಡದವರು ಕಲಿಯುವುದು ಹೇಗೆ

ನ್ಯೂಜಿಲೆಂಡಿಗೆ ಬಂದ ಮೊದಲ ವಾರದಲ್ಲೇ ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಭಾಷೆಯ ಪದಗಳು ಎದುರಾಗುತ್ತವೆ. ವಿಮಾನದಲ್ಲಿ ಕಿಅ ಒರ ಅಂತ ಸ್ವಾಗತ. ಕೆಲಸ ಕೊಟ್ಟವರ ಇಮೇಲ್ ಕೊನೆಗೆ ಙಾ ಮಿಹಿ. ತೆರಿಗೆ ಇಲಾಖೆಯ ಕಾಗದದ ಮೇಲೆ ತೆ ತರಿ ತಾಕೆ. ಮಗುವಿನ ಶಾಲೆಯಿಂದ ಬಂದ ಚೀಟಿಯಲ್ಲಿ ಪೋತಎ ಕಳಿಸಲು ಮರೆಯಬೇಡಿ ಅಂತ ಸೂಚನೆ. ಇವುಗಳ ಪಕ್ಕ ಅರ್ಥ ಬರೆದಿರುವುದಿಲ್ಲ, ಎಲ್ಲರಿಗೂ ಗೊತ್ತಿದೆ ಅಂದುಕೊಂಡೇ ಬರೆದಿರುತ್ತಾರೆ.

ಹೊಸದಾಗಿ ಬಂದವರಿಗೂ, ಬಂದು ವರ್ಷಗಳಾದರೂ ಇವನ್ನು ಸುಮ್ನೆ ದಾಟಿಕೊಂಡು ಹೋಗುತ್ತಿರುವವರಿಗೂ ಇದನ್ನು ಬರೆಯುತ್ತಿದ್ದೇನೆ. ಕನ್ನಡ ಓದಲು ಬರುವವರಿಗೆ ಮಾವೊರಿ ಉಚ್ಚಾರದ ಮುಕ್ಕಾಲು ಪಾಲು ಆಗಲೇ ಬಂದಿದೆ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಓದುವುದನ್ನು ಬಿಟ್ಟು, ಪದವನ್ನು ಕನ್ನಡದಲ್ಲಿ ಬರೆದುಕೊಂಡು ಓದಿದರೆ ಇಲ್ಲೇ ಹುಟ್ಟಿದ ಎಷ್ಟೋ ಜನರಿಗಿಂತ ನೀವು ಚೆನ್ನಾಗಿ ಹೇಳುತ್ತೀರಿ.

ಮೊದಲು ಉಚ್ಚಾರ

ಮಾವೊರಿಯಲ್ಲಿ ಐದು ಸ್ವರ: ಅ, ಎ, ಇ, ಒ, ಉ. ಪ್ರತಿಯೊಂದಕ್ಕೂ ದೀರ್ಘ ರೂಪವಿದೆ. ವ್ಯಂಜನಗಳು ಹತ್ತೇ: ಹ, ಕ, ಮ, ನ, ಪ, ರ, ತ, ವ, ಙ, ಫ. ಕ, ಪ, ತ ಮೂರೂ ಅಲ್ಪಪ್ರಾಣ, ನಮ್ಮವೇ. ರ ಕೂಡ ನಾಲಿಗೆ ತುದಿ ಒಂದು ಸಲ ತಟ್ಟುವ ನಮ್ಮ ರ. ವ ಹೇಳುವಾಗ ತುಟಿ ದುಂಡಗೆ ಮಾಡಿ, ಹಲ್ಲು ತಾಗಿಸಬೇಡಿ. ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಅನ್ನುವುದು ಹಿಂದಿಯವರಿಗೆ ಹೊಸದು, ನಮಗೆ ಒಂದನೇ ಕ್ಲಾಸಿನ ಪಾಠ.

ರೋಮನ್ ಅಕ್ಷರದ ತಲೆ ಮೇಲೆ ಅಡ್ಡ ಗೆರೆ ಕಂಡರೆ ಅದು ದೀರ್ಘ. ಆ ಗೆರೆಗೆ ತೊಹುತೋ ಅಂತಾರೆ. ಬೋರ್ಡಿನಲ್ಲಿ ಅಲಂಕಾರಕ್ಕೆ ಹಾಕಿದ್ದಾರೆ ಅಂದುಕೊಂಡು ಬಿಟ್ಟರೆ ಅರ್ಥವೇ ಬದಲಾಗುತ್ತದೆ. ಕೆಕೆ ಅಂದರೆ ಕೇಕು, ಕೇಕೇ ಅಂದರೆ ಕಂಕುಳು. ವೇತಾ ಅಂದರೆ ಈ ದೇಶದ ಹೆಸರಾಂತ ದೊಡ್ಡ ಹುಳ, ಅದನ್ನೇ ವೆತ ಅಂದರೆ ಮಲ. ಕೆಲವು ಪದಗಳಲ್ಲಿ ಬಹುವಚನವೂ ಹೀಗೇ ಆಗುತ್ತದೆ: ತಙತ ಒಬ್ಬ ಮನುಷ್ಯ, ತಾಙತ ಜನರು. ವಹಿನೆ ಹೆಂಗಸು, ವಾಹಿನೆ ಹೆಂಗಸರು. ಮತುಅ ತಂದೆ, ಮಾತುಅ ತಂದೆತಾಯಿ. ಮಿಕ್ಕ ಪದಗಳಿಗೆ ಮುಂದೆ ತೆ ಇದ್ದರೆ ಒಂದು, ಙಾ ಇದ್ದರೆ ಹಲವು. ಇಂಗ್ಲಿಷಿನ ಹಾಗೆ ಕೊನೆಗೆ ಸ್ ಸೇರಿಸುವುದಿಲ್ಲ.

ಇನ್ನು ಙ. ವರ್ಣಮಾಲೆಯಲ್ಲಿ ಕಲಿತು ಆಮೇಲೆ ಬರವಣಿಗೆಯಲ್ಲಿ ಬಳಸದೇ ಬಿಟ್ಟ ಅಕ್ಷರ ಇದು, ಅಲ್ವಾ? ಇಲ್ಲಿ ಅದು ದಿನಾ ಬೇಕು. ನಮ್ಮ ತಂಗಿ ಅನ್ನುವ ಪದದಲ್ಲಿ ಙ ಆದ ಮೇಲೆ ಗ ಇದೆ. ಮಾವೊರಿಯ ತಙಿ ಅನ್ನುವ ಪದದಲ್ಲಿ ಆ ಗ ಇಲ್ಲ. ತಙಿ ಅಂದರೆ ಅಳು, ಸಾವಿನ ಮನೆಯ ಶೋಕ. ತಂಗಿ ಅಂತ ಹೇಳಲು ಶುರು ಮಾಡಿ, ಗ ಬರುವ ಮೊದಲೇ ಇ ಕಡೆ ಜಾರಿಬಿಡಿ. ಪದದ ಮೊದಲಲ್ಲೇ ಙ ಬಂದಾಗ ಕಷ್ಟ ಅನಿಸುತ್ತದೆ. ಅದಕ್ಕೆ ತಙ, ತಙ, ತಙ ಅಂತ ಬೇಗ ಬೇಗ ಹೇಳಿ, ಆಮೇಲೆ ತ ಬಿಟ್ಟು ಙ ಅನ್ನಿ. ಙಾ ಮಿಹಿ ಬಾಯಿಗೆ ಬಂತು ಅಂದರೆ ಮಿಕ್ಕಿದ್ದೆಲ್ಲ ಸಲೀಸು.

ರೋಮನ್‌ನಲ್ಲಿ ಡಬ್ಲ್ಯೂ ಮತ್ತು ಎಚ್ ಜೊತೆಗೆ ಕಂಡರೆ ಫ ಅಂತ ಓದಿ, ಫ್ಯಾನ್ ಅನ್ನುವಾಗಿನ ಫ. ಉತ್ತರ ದ್ವೀಪದ ಪಶ್ಚಿಮಕ್ಕೆ, ಫಙನುಇ ಊರಿನ ಕಡೆಯವರು ಮಾತ್ರ ಇದನ್ನು ವ ಥರ, ಗಂಟಲಲ್ಲಿ ಸ್ವಲ್ಪ ತಡೆದು ಹೇಳುತ್ತಾರೆ. ಅದು ಅವರ ಸೀಮೆಯ ಮಾತು, ತಪ್ಪಲ್ಲ. ದಕ್ಷಿಣ ದ್ವೀಪದಲ್ಲಿ ಙ ಇರುವ ಕಡೆ ಎಷ್ಟೋ ಸಲ ಕ ಬರುತ್ತದೆ. ಅಲ್ಲಿನ ದೊಡ್ಡ ಬುಡಕಟ್ಟನ್ನು ಙಾಇ ತಹು ಅಂತಲೂ ಕರೆಯುತ್ತಾರೆ, ಕಾಇ ತಹು ಅಂತಲೂ ಕರೆಯುತ್ತಾರೆ.

ನಮ್ಮ ಕನ್ನಡ ಕೈ ಕೊಡುವುದು ಒಂದೇ ಕಡೆ. ಅ ಮತ್ತು ಉ ಒಟ್ಟಿಗೆ ಬಂದಾಗ ನಾವು ಔ ಅಂದುಬಿಡುತ್ತೇವೆ. ಮಾವೊರಿಯಲ್ಲಿ ಅದು ಒಉ ಕಡೆಗೆ ವಾಲುತ್ತದೆ. ಹಾಗಾಗಿ ಫಾನಉ (ಕುಟುಂಬ), ತಉರಙ (ಒಂದು ಊರು) ಅಂತ ಇಲ್ಲಿ ಬರೆದಿದ್ದನ್ನು ಬಾಯಲ್ಲಿ ಸ್ವಲ್ಪ ದುಂಡಗೆ ಮಾಡಿಕೊಳ್ಳಿ.

ಮಾವೊರಿಯಲ್ಲಿ ಒತ್ತಕ್ಷರವೇ ಇಲ್ಲ, ಯಾವ ಪದವೂ ವ್ಯಂಜನದಲ್ಲಿ ಮುಗಿಯುವುದಿಲ್ಲ. ನಾವು ಬಸ್‌ಗೆ ಉ ಸೇರಿಸಿ ಬಸ್ಸು ಮಾಡಿದ ಹಾಗೆ ಅವರು ಪಹಿ ಮಾಡಿದ್ದಾರೆ. ಕ್ರಿಸ್‌ಮಸ್ ಕಿರಿಹಿಮೆತೆ ಆಯಿತು, ಪೊಲೀಸ್ ಪಿರಿಹಿಮನ, ಮಿಲ್ಕ್ ಮಿರಕ, ಟೇಬಲ್ ತೇಪು. ಗುರುತು ಸಿಗದ ಪದವನ್ನು ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿ, ಒಳಗಿರುವ ಇಂಗ್ಲಿಷ್ ಪದ ಕೆಲವೊಮ್ಮೆ ಹೊರಗೆ ಬರುತ್ತದೆ.

ಊರಿನ ಹೆಸರು ಬಿಡಿಸಿ ಓದಿ

ಪದ ಕಲಿಯಲು ರಸ್ತೆ ಬೋರ್ಡಿಗಿಂತ ಒಳ್ಳೆಯ ಪುಸ್ತಕ ಇಲ್ಲ. ವೈ ಅಂದರೆ ನೀರು. ರೊತೊ ಕೆರೆ ಅಥವಾ ಸರೋವರ, ಅವ ನದಿ, ಮೊಅನ ಸಮುದ್ರ, ಮೊತು ದ್ವೀಪ, ಮಉಙ ಬೆಟ್ಟ, ಪುಕೆ ಗುಡ್ಡ, ಫಙ ಕೊಲ್ಲಿ, ಅರ ದಾರಿ. ಇವಕ್ಕೆ ನುಇ ಅಂದರೆ ದೊಡ್ಡದು, ಇತಿ ಅಂದರೆ ಚಿಕ್ಕದು, ರೊಅ ಅಂದರೆ ಉದ್ದ, ರುಅ ಅಂದರೆ ಎರಡು ಸೇರಿಸಿಕೊಳ್ಳಿ. ಈಗ ಮ್ಯಾಪ್ ತೆಗೆದು ನೋಡಿ. ರೊತೊರುಅ ಎರಡನೇ ಸರೋವರ, ರೊತೊಇತಿ ಚಿಕ್ಕ ಸರೋವರ. ವೈತೊಮೊ ನೀರು ಇಳಿದುಹೋಗುವ ಬಿಲ, ಅಲ್ಲಿನ ಗುಹೆಗಳನ್ನು ನೋಡಿದವರಿಗೆ ಹೆಸರು ತಾನಾಗೇ ಅರ್ಥವಾಗುತ್ತದೆ. 1840ರ ಫೆಬ್ರವರಿ 6ರಂದು ಬ್ರಿಟಿಷ್ ರಾಣಿಯ ಕಡೆಯವರೂ ಮಾವೊರಿ ಮುಖಂಡರೂ ಒಪ್ಪಂದಕ್ಕೆ ಸಹಿ ಹಾಕಿದ ಜಾಗ ವೈತಙಿ. ಅದರಲ್ಲಿ ನೀರೂ ಇದೆ, ಮೇಲೆ ಹೇಳಿದ ಅಳುವೂ ಇದೆ.

ಹೆಸರಿನ ಮೊದಲಲ್ಲಿ ಓ ಇದ್ದರೆ ಎಷ್ಟೋ ಸಲ ಇಂಥವರ ಜಾಗ ಅಂತ ಅರ್ಥ. ಓತಾಹುಹು ಅಂದರೆ ತಾಹುಹು ಎಂಬವರ ಜಾಗ, ಓತಉತಹಿ ತಉತಹಿ ಎಂಬವರ ಜಾಗ. ಓತಉತಹಿ ಅಂದರೆ ಕ್ರೈಸ್ಟ್‌ಚರ್ಚ್. ಆಕ್ಲೆಂಡಿನಲ್ಲಿ ನಮ್ಮವರು ಜಾಸ್ತಿ ಇರುವ ಪಪತೊಎತೊಎ ಅಂದರೆ ತೊಎತೊಎ ಅನ್ನುವ ಎತ್ತರದ ಹುಲ್ಲು ಬೆಳೆದ ಬಯಲು. ಮೌಂಟ್ ರಾಸ್ಕಿಲ್‌ಗೆ ಪುಕೆತಾಪಪ ಅಂತ ಹೆಸರು. ಮನುರೆವ, ಪುಕೆಕೊಹೆ, ಪರಪರಉಮು ಇವನ್ನೆಲ್ಲ ಕನ್ನಡದಲ್ಲಿ ಬರೆದಿಟ್ಟುಕೊಂಡು ಓದಿ.

ದೊಡ್ಡ ಊರುಗಳಿಗೆ ಎರಡು ಹೆಸರು ಗೊತ್ತಿರಬೇಕು, ಸುದ್ದಿಯಲ್ಲಿ ಎರಡೂ ಬರುತ್ತವೆ. ಆಕ್ಲೆಂಡ್ ತಾಮಕಿ ಮಕಉರಉ, ವೆಲಿಂಗ್ಟನ್ ತೆ ಫಙನುಇ ಅ ತರ, ಹ್ಯಾಮಿಲ್ಟನ್ ಕಿರಿಕಿರಿರೊಅ, ಡನೀಡನ್ ಓತೆಪೊತಿ. ದೇಶ ಅಒತೆಅರೊಅ. ಅತಿ ಎತ್ತರದ ಬೆಟ್ಟ, 3,724 ಮೀಟರಿನ ಅಒರಕಿ. ಇದರಲ್ಲೂ ದಕ್ಷಿಣದ ಕ ಇದೆ, ಉತ್ತರದವರ ಬಾಯಲ್ಲಿ ಅದು ಅಒರಙಿ ಆಗುತ್ತಿತ್ತು.

ಮಾತು ಶುರು ಮಾಡುವುದು, ಮುಗಿಸುವುದು

ಕಿಅ ಒರ ಒಂದಿದ್ದರೆ ಅರ್ಧ ದಿನ ನಡೆಯುತ್ತದೆ. ನಮಸ್ಕಾರಕ್ಕೂ ಅದೇ, ಥ್ಯಾಂಕ್ಸ್‌ಗೂ ಅದೇ, ಮೀಟಿಂಗಿನಲ್ಲಿ ಯಾರೋ ಹೇಳಿದ್ದು ಸರಿ ಅನಿಸಿದಾಗ ಹೂಂ ಅನ್ನುವ ಬದಲಿಗೂ ಅದೇ. ಪದಕ್ಕೆ ಪದ ನೋಡಿದರೆ ಜೀವ, ಆರೋಗ್ಯ ಇರಲಿ ಅಂತ. ನಮ್ಮ ಹಿರಿಯರು ಚೆನ್ನಾಗಿರು ಅನ್ನುತ್ತಾರಲ್ಲ, ಅದಕ್ಕೆ ಹತ್ತಿರ.

ಈ ಎರಡು ಪದಕ್ಕೆ ಒಂದು ಜಗಳದ ಚರಿತ್ರೆ ಇದೆ. 1984ರಲ್ಲಿ ಆಕ್ಲೆಂಡಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ನೈದಾ ಗ್ಲ್ಯಾವಿಶ್ ಫೋನ್ ಮಾಡಿದವರಿಗೆ ಕಿಅ ಒರ ಅನ್ನುತ್ತಿದ್ದರು. ಹಾಗನ್ನಬೇಡಿ ಅಂತ ಮೇಲಿನವರು ಹೇಳಿದರು. ನೈದಾ ಬಗ್ಗಲಿಲ್ಲ. ಸುದ್ದಿ ದೇಶವಿಡೀ ಹಬ್ಬಿ, ಪ್ರಧಾನಿಯವರೆಗೂ ಹೋಗಿ, ಕೊನೆಗೆ ನೈದಾ ಅದನ್ನೇ ಹೇಳಿಕೊಂಡು ಕೆಲಸ ಮಾಡಲು ಮೇಲಿನವರು ಒಪ್ಪಿದರು. ಅದಕ್ಕೂ ಹಿಂದಿನದು ಇನ್ನೂ ನೋವಿನದು. 1867ರ ಕಾನೂನಿನ ಪ್ರಕಾರ ಮಾವೊರಿ ಮಕ್ಕಳ ಶಾಲೆಗಳಲ್ಲಿ ಇಂಗ್ಲಿಷಿನಲ್ಲೇ ಪಾಠವಾಗಬೇಕಿತ್ತು. ಆಮೇಲಿನ ದಶಕಗಳಲ್ಲಿ ಶಾಲೆಯಲ್ಲಿ ಮಾವೊರಿ ಮಾತಾಡಿದ್ದಕ್ಕೆ ಮಕ್ಕಳು ಏಟು ತಿಂದಿದ್ದಾರೆ. ಏಟು ತಿಂದವರು ತಮ್ಮ ಮಕ್ಕಳಿಗೆ ಭಾಷೆ ಕಲಿಸಲು ಹಿಂಜರಿದರು. 1972ರ ಸೆಪ್ಟೆಂಬರ್ 14ರಂದು ಶಾಲೆಗಳಲ್ಲಿ ಮಾವೊರಿ ಕಲಿಸಬೇಕು ಅನ್ನುವ, 30,000ಕ್ಕೂ ಹೆಚ್ಚು ಸಹಿಗಳ ಮನವಿಯನ್ನು ಪಾರ್ಲಿಮೆಂಟಿಗೆ ಕೊಟ್ಟ ಮೇಲೆ ಗಾಳಿ ತಿರುಗಿತು. 1987ರಲ್ಲಿ ಮಾವೊರಿ ಅಧಿಕೃತ ಭಾಷೆ ಆಯಿತು. ಸ್ಕೂಲಿನಲ್ಲಿ ಕನ್ನಡ ಮಾತಾಡಿ ದಂಡ ಕಟ್ಟಿದ ನೆನಪಿರುವವರು ನಮ್ಮಲ್ಲೂ ಇದ್ದಾರೆ. ಅಂಥವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಒಬ್ಬರ ಹೆಸರನ್ನು, ಒಂದು ಊರಿನ ಹೆಸರನ್ನು ಸರಿಯಾಗಿ ಹೇಳಿದಾಗ ಎದುರಿಗಿನವರ ಮುಖ ಯಾಕೆ ಅರಳುತ್ತದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಸ್ವಲ್ಪ ಗಂಭೀರವಾಗಿ ನಮಸ್ಕರಿಸಬೇಕಾದರೆ ಒಬ್ಬರಿಗೆ ತೇನಾ ಕೊಎ, ಇಬ್ಬರಿಗೆ ತೇನಾ ಕೋರುಅ, ಮೂರು ಅಥವಾ ಹೆಚ್ಚು ಜನಕ್ಕೆ ತೇನಾ ಕೊಉತೊಉ. ಇಲ್ಲಿ ನಮ್ಮವರು ಎಡವುತ್ತಾರೆ. ಹಿರಿಯರೊಬ್ಬರು ಎದುರಿಗಿದ್ದರೆ ನಮ್ಮ ಬಾಯಿ ತಾನಾಗೇ ಬಹುವಚನ ಹುಡುಕುತ್ತದೆ. ಮಾವೊರಿಯಲ್ಲಿ ಒಬ್ಬರು ಅಂದರೆ ಒಬ್ಬರೇ, ಎಂಬತ್ತು ವರ್ಷದ ಅಜ್ಜಿಗೂ ತೇನಾ ಕೊಎ ಅನ್ನಿ. ಗೌರವ ದನಿಯಲ್ಲಿದೆ, ವಚನದಲ್ಲಿಲ್ಲ.

ನಾವು ಅನ್ನುವುದಕ್ಕೂ ಲೆಕ್ಕ ಇದೆ. ಕೇಳುವವರನ್ನೂ ಸೇರಿಸಿಕೊಂಡರೆ ತಾತೊಉ, ಅವರನ್ನು ಬಿಟ್ಟರೆ ಮಾತೊಉ. ತುಳು ಮನೆಮಾತಿನವರಿಗೆ ಇದು ಕೂಡಲೇ ಹಿಡಿಯುತ್ತದೆ, ನಮ ಮತ್ತು ಎಂಕುಲು ಅಷ್ಟೇ. ಅದಕ್ಕೇ ತಂಡದ ಮೀಟಿಂಗಿನಲ್ಲಿ ಕಿಅ ಒರ ತಾತೊಉ ಅನ್ನುತ್ತಾರೆ, ನಮ್ಮೆಲ್ಲರಿಗೂ ಅಂತ.

ಬೀಳ್ಕೊಡುವಾಗ ಕನ್ನಡದ ಅಭ್ಯಾಸ ತುಂಬ ಕೆಲಸಕ್ಕೆ ಬರುತ್ತದೆ. ಹೊರಟವರು ಬರ್ತೀನಿ ಅಂತಾರೆ, ಉಳಿದವರು ಹೋಗಿ ಬನ್ನಿ ಅಂತಾರೆ, ಅಲ್ವಾ? ಇಲ್ಲೂ ಎರಡು ಬೇರೆ. ನೀವು ಉಳಿದು ಅವರು ಹೊರಟರೆ ಹಎರೆ ರಾ. ನೀವು ಹೊರಟು ಅವರು ಉಳಿದರೆ ಎ ನೊಹೊ ರಾ. ಯಾವುದು ಅಂತ ಗೊಂದಲವಾದರೆ ಕ ಕಿತೆ ಅನೋ, ಮತ್ತೆ ಸಿಗೋಣ. ಇದು ಎಲ್ಲಿಗೂ ಸಲ್ಲುತ್ತದೆ, ಆಫೀಸಿನಲ್ಲಿ ಬರೀ ಕ ಕಿತೆ ಅಂತಲೇ ಮುಗಿಸುತ್ತಾರೆ.

ಜೇಬಲ್ಲಿರಬೇಕಾದ ಇನ್ನಷ್ಟು: ಮೋರೆನ ಬೆಳಗಿನ ಶುಭಾಶಯ, ಆಎ ಹೌದು, ಕಾಒ ಇಲ್ಲ, ಅರೊಹ ಮೈ ಕ್ಷಮಿಸಿ, ಕ ಪೈ ಚೆನ್ನಾಗಿದೆ ಅಥವಾ ಭೇಷ್, ಹಎರೆ ಮೈ ಬನ್ನಿ, ತೈಹೊಅ ಸ್ವಲ್ಪ ತಾಳಿ. ಕಿಅ ಕಹ ಅಂದರೆ ಗಟ್ಟಿಯಾಗಿರು. 2011ರ ಫೆಬ್ರವರಿಯ ಭೂಕಂಪದಲ್ಲಿ ಕ್ರೈಸ್ಟ್‌ಚರ್ಚಿನಲ್ಲಿ 185 ಜನ ಸತ್ತಾಗ ಊರಿನ ಗೋಡೆಗಳ ಮೇಲೆಲ್ಲ ಈ ಎರಡು ಪದ ಇದ್ದವು. ಇಂದಿಗೂ ಕಷ್ಟದಲ್ಲಿರುವವರಿಗೆ ಜನ ಹೇಳುವುದು ಅದನ್ನೇ.

ಆಫೀಸಿನಲ್ಲಿ

ಮಹಿ ಅಂದರೆ ಕೆಲಸ, ಹುಇ ಸಭೆ, ಕೋರೆರೊ ಮಾತುಕತೆ, ಪಾತೈ ಪ್ರಶ್ನೆ, ಫಕಾರೊ ಅನಿಸಿಕೆ, ತಉತೊಕೊ ಬೆಂಬಲ. ಇವು ಇಂಗ್ಲಿಷ್ ವಾಕ್ಯದ ನಡುವೆ ಹಾಗೇ ಬರುತ್ತವೆ. ನಾಳೆ ಹತ್ತಕ್ಕೆ ಹುಇ ಇದೆ, ಪಾತೈ ಇದ್ದರೆ ಕಳಿಸಿ, ಒಳ್ಳೆ ಮಹಿ ಮಾಡಿದ್ದೀರಿ, ಹೀಗೆ. ಕಉಪಪ ಅಂದರೆ ವಿಷಯ ಅಂತಲೂ ಆಗುತ್ತದೆ, ಒಂದು ಕೆಲಸದ ಹಿಂದಿರುವ ಉದ್ದೇಶ ಅಂತಲೂ ಆಗುತ್ತದೆ. ಇಮೇಲ್ ಕೊನೆಗೆ ಙಾ ಮಿಹಿ ಅಂತ ನೀವೂ ಬರೆಯಬಹುದು, ವಂದನೆಗಳು ಅಂತ ಅರ್ಥ. ಅರೊಹನುಇ ಅಂದರೆ ತುಂಬು ಪ್ರೀತಿ, ಅದನ್ನು ಹತ್ತಿರದವರಿಗೆ ಇಟ್ಟುಕೊಳ್ಳಿ.

ಮನ ಅನ್ನುವ ಪದ ಜಾಸ್ತಿ ಕೇಳುತ್ತೀರಿ. ನಮ್ಮ ಮನಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಒಬ್ಬರಿಗೆ ಹುಟ್ಟಿನಿಂದ, ನಡತೆಯಿಂದ, ಜನರಿಗೆ ಮಾಡಿದ ಕೆಲಸದಿಂದ ಬರುವ ತೂಕ, ಗೌರವ, ಅಧಿಕಾರ ಎಲ್ಲ ಸೇರಿ ಮನ. ಅವರಿಗೆ ಮನ ಇದೆ ಅಂತ ಬೇರೆಯವರು ಹೇಳಬೇಕು, ನಾವೇ ಹೇಳಿಕೊಳ್ಳುವುದಿಲ್ಲ. ಕಾಒರೆ ತೆ ಕೂಮರ ಎ ಕೋರೆರೊ ಮೋ ತೋನ ಅಕೆ ರೆಕ ಅಂತ ಒಂದು ಗಾದೆ ಇದೆ: ತಾನು ಎಷ್ಟು ಸಿಹಿ ಅಂತ ಗೆಣಸು ಹೇಳಿಕೊಳ್ಳುವುದಿಲ್ಲ. ಇಲ್ಲಿ ಕೆಲಸದ ಇಂಟರ್‌ವ್ಯೂನಲ್ಲಿ ಮಾವೊರಿ ಅಭ್ಯರ್ಥಿಗಳು ತಮ್ಮ ಬಗ್ಗೆ ಕಮ್ಮಿ ಮಾತಾಡುವುದಕ್ಕೆ ಇದೂ ಒಂದು ಕಾರಣ ಇರಬಹುದು. ಆಯ್ಕೆ ಮಾಡುವ ಜಾಗದಲ್ಲಿ ಕೂತವರು ನೆನಪಿಡಬೇಕಾದ ಮಾತು.

ಮನೆ, ಶಾಲೆ, ಆಸ್ಪತ್ರೆ

ಫಾನಉ ಅಂದರೆ ಕುಟುಂಬ. ಗಂಡ ಹೆಂಡತಿ ಮಕ್ಕಳಷ್ಟೇ ಅಲ್ಲ, ಅಜ್ಜಿ ತಾತ ಚಿಕ್ಕಪ್ಪ ಸೋದರತ್ತೆ ಅವರ ಮಕ್ಕಳು ಎಲ್ಲ ಸೇರಿ. ಫಾನಉ ಬನ್ನಿ ಅಂತ ಶಾಲೆ ಕರೆದರೆ ಊರಿಂದ ಬಂದಿರುವ ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಯಾರೂ ಅಚ್ಚರಿ ಪಡುವುದಿಲ್ಲ. ತಮರಿಕಿ ಮಕ್ಕಳು, ಮೊಕೊಪುನ ಮೊಮ್ಮಕ್ಕಳು, ಪ್ರೀತಿಯಿಂದ ಬರೀ ಮೊಕೊ. ಕುಇಅ ಅಜ್ಜಿ, ಕೊರೊ ತಾತ, ಕಉಮಾತುಅ ಹಿರಿಯರು. ಶಾಲೆಯಲ್ಲಿ ಎಷ್ಟೋ ಕಡೆ ಟೀಚರನ್ನು ಹೆಸರಿನ ಮುಂದೆ ಫಎಅ ಅಥವಾ ಮತುಅ ಸೇರಿಸಿ ಕರೆಯುತ್ತಾರೆ, ತಾಯಿ, ತಂದೆ ಸಮಾನರು ಅಂತ. ಇದು ನಮಗೆ ಬಲು ಹಿತ. ಟೀಚರನ್ನು ಬರೀ ಹೆಸರು ಹಿಡಿದು ಕರೆಯಲು ನಮ್ಮ ನಾಲಿಗೆ ಏಳುವುದಿಲ್ಲವಲ್ಲ.

ಅಣ್ಣ ತಮ್ಮ ಅಕ್ಕ ತಂಗಿ ಅಂತ ಬೇರೆ ಬೇರೆ ಪದ ಅವರಿಗೂ ಇವೆ, ಆದರೆ ಹಂಚಿಕೆ ಬೇರೆ. ಗಂಡಸಿಗೆ ಅಣ್ಣ, ಹೆಂಗಸಿಗೆ ಅಕ್ಕ, ಇಬ್ಬರೂ ತುಅಕನ. ಗಂಡಸಿಗೆ ತಮ್ಮ, ಹೆಂಗಸಿಗೆ ತಂಗಿ, ಇಬ್ಬರೂ ತೆಇನ. ಗಂಡಸಿನ ಸೋದರಿ ತುಅಹಿನೆ, ಹೆಂಗಸಿನ ಸೋದರ ತುಙಾನೆ, ಇಲ್ಲಿ ದೊಡ್ಡವರು ಚಿಕ್ಕವರು ಲೆಕ್ಕ ಇಲ್ಲ. ಶಾಲೆಯಲ್ಲಿ ದೊಡ್ಡ ತರಗತಿಯವರು ಚಿಕ್ಕವರಿಗೆ ಓದಿಸುವುದಕ್ಕೆ ತುಅಕನ ತೆಇನ ಅಂತಲೇ ಹೆಸರು.

ಮಕ್ಕಳು ಮನೆಗೆ ತರುವ ಪದಗಳಿಗೆ ನೀವು ತಯಾರಾಗಿರಿ. ಎ ತೂ ನಿಂತುಕೊ, ಎ ನೊಹೊ ಕೂತುಕೊ, ತಿತಿರೊ ನೋಡು, ಫಕರೊಙೊ ಕೇಳು, ರಿಙರಿಙ ಕೈ, ಪುಕು ಹೊಟ್ಟೆ, ಪೋತಎ ಟೋಪಿ, ಹೂ ಶೂ, ಮಿಮಿ ಉಚ್ಚೆ, ಫರೆಪಕು ಟಾಯ್ಲೆಟ್. ಹೋಹಾ ಅಂದರೆ ಬೇಜಾರು, ಕಿರಿಕಿರಿ. ಒಂದರಿಂದ ಹತ್ತು: ತಹಿ, ರುಅ, ತೊರು, ಫಾ, ರಿಮ, ಒನೊ, ಫಿತು, ವರು, ಇವ, ತೆಕಉ. ಪದದ ಮುಂದೆ ಫಕ ಕಂಡರೆ ಅದು ನಮ್ಮ ಇಸು ಪ್ರತ್ಯಯದ ಕೆಲಸ ಮಾಡುತ್ತಿದೆ ಅಂತ ತಿಳಿಯಿರಿ. ಅಕೊ ಕಲಿ, ಫಕಅಕೊ ಕಲಿಸು. ಈ ಒಂದು ಕೀಲಿ ಕೈಗೆ ಸಿಕ್ಕರೆ ಉದ್ದುದ್ದ ಪದಗಳ ಹೆದರಿಕೆ ಹೋಗುತ್ತದೆ. ಇನ್ನು ಪೂರ್ತಿ ಮಾವೊರಿಯಲ್ಲೇ ನಡೆಯುವ ಶಿಶುವಿಹಾರಕ್ಕೆ ಕೋಹಙ ರೆಒ ಅಂತಾರೆ, ಭಾಷೆಯ ಗೂಡು. ಮೊದಲನೆಯದು 1982ರಲ್ಲಿ ವೆಲಿಂಗ್ಟನ್ ಹತ್ತಿರದ ವೈನುಇಒಮತದಲ್ಲಿ ಶುರುವಾಯಿತು.

ಹೆರಿಗೆಗೆ ಆಸ್ಪತ್ರೆಗೆ ಹೋದವರಿಗೆ ಇನ್ನೊಂದು ಪದ ಸಿಗುತ್ತದೆ, ಫೆನುಅ. ಭೂಮಿ, ನಾಡು ಅಂತ ಅರ್ಥ. ಮಗುವಿನ ಮಾಸಿಗೂ ಅದೇ ಪದ. ಮಾಸನ್ನು ಮನೆಗೆ ಒಯ್ದು ತಮ್ಮ ನೆಲದಲ್ಲಿ ಹೂಳುವುದು ಮಾವೊರಿ ಪದ್ಧತಿ. ಹಾಗಾಗಿ ಮನೆಗೆ ತೆಗೆದುಕೊಂಡು ಹೋಗುತ್ತೀರಾ ಅಂತ ಮಿಡ್‌ವೈಫ್ ನಿಮ್ಮನ್ನೂ ಕೇಳಬಹುದು. ಮಾಸನ್ನು ಹಿತ್ತಲಲ್ಲಿ ಹೂಳುತ್ತಿದ್ದ ಹಳ್ಳಿ ಮನೆಗಳು ನಮ್ಮಲ್ಲೂ ಇದ್ದವು, ಅಮ್ಮನನ್ನು ಕೇಳಿ ನೋಡಿ. ಇದೊಂದೇ ಅಲ್ಲ: ಹಪೂ ಅಂದರೆ ಬಸುರಿ, ಕುಲದ ಕವಲು ಕೂಡ. ಇವಿ ಅಂದರೆ ಮೂಳೆ, ಬುಡಕಟ್ಟು ಕೂಡ. ಫಾನಉ ಅಂದರೆ ಹುಟ್ಟುವುದು ಅಂತಲೂ ಅರ್ಥವಿದೆ. ಸಂಬಂಧದ ಪದಗಳೆಲ್ಲ ಮೈಯಿಂದಲೇ ಬಂದಿವೆ. ಜಮೀನಿನ ವಿಷಯಕ್ಕೆ ಮಾವೊರಿ ಜನ ಇಷ್ಟು ದೀರ್ಘ ಕಾಲ ಯಾಕೆ ಹೋರಾಡಿದರು ಅನ್ನುವುದನ್ನು ಫೆನುಅ ಅನ್ನುವ ಒಂದೇ ಪದದಿಂದ ನಾನು ಸ್ವಲ್ಪ ಅರ್ಥ ಮಾಡಿಕೊಂಡೆ.

ಊಟದ ಪದಗಳು

ಊಟಕ್ಕೆ ಕೈ ಅಂತಾರೆ, ನಮ್ಮ ಕೈ ಹೇಗೋ ಹಾಗೇ ಉಚ್ಚಾರ. ಮರೆಯಲು ಸಾಧ್ಯವೇ ಇಲ್ಲ. ಕೈಮೊಅನ ಸಮುದ್ರದ ಆಹಾರ. ಪಾತಕ ಕೈ ಅನ್ನುವ ಸಣ್ಣ ಕಪಾಟು ಬೀದಿ ಬದಿಯಲ್ಲಿ ಕಂಡರೆ ನಮ್ಮ ಪಾತಕ ನೆನೆದು ಗಾಬರಿಯಾಗಬೇಡಿ. ಪಾತಕ ಅಂದರೆ ಉಗ್ರಾಣ. ಬೇಕಾದವರು ತೆಗೆದುಕೊಳ್ಳಬಹುದು, ಇದ್ದವರು ಇಡಬಹುದು. ಅಂಗಡಿಯಲ್ಲಿ ಮಿರಕ ಹಾಲು, ಪರಾಒಅ ಬ್ರೆಡ್ಡು, ಹೇಕಿ ಮೊಟ್ಟೆ, ಹುಅವೆನುಅ ಅಂತ ಓದಿಬಿಡಬೇಡಿ, ಹುಅಫೆನುಅ, ತರಕಾರಿ. 2022ರಲ್ಲಿ ಇಲ್ಲಿನ ವಿಟೇಕರ್ಸ್ ಕಂಪನಿ ಮಾವೊರಿ ಭಾಷಾ ಸಪ್ತಾಹಕ್ಕೆ ತನ್ನ ಹಾಲಿನ ಚಾಕಲೇಟ್ ಮೇಲೆ ಮಿರಕ ಕಿರೀಮಿ ಅಂತ ಅಚ್ಚು ಹಾಕಿತು. ಕೆಲವರು ಸಿಟ್ಟಾದರು, ಇನ್ನು ಕೆಲವರು ಅದಕ್ಕೇ ಅಂತ ಕೊಂಡರು.

ಹಾಙೀ ಅಂದರೆ ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲಿನ ಮೇಲೆ ಹಬೆಯಲ್ಲಿ ಬೇಯಿಸುವ ಊಟ. ಗೆಣಸು, ಕುಂಬಳಕಾಯಿ, ಆಲೂಗಡ್ಡೆ ಇರುತ್ತವೆ, ಆದರೆ ಸಾಮಾನ್ಯವಾಗಿ ಮಾಂಸವೂ ಅದೇ ಗುಂಡಿಯಲ್ಲಿ ಬೇಯುತ್ತದೆ. ಮಾಂಸ ತಿನ್ನದವರು ಮೊದಲೇ ಹೇಳಿಬಿಡಿ. ಊಟಕ್ಕೆ ಮುಂಚೆ ಕರಕಿಅ ಅಂದರೆ ಪ್ರಾರ್ಥನೆ ಹೇಳುತ್ತಾರೆ. ಅದು ಮುಗಿಯುವವರೆಗೆ ತಟ್ಟೆಗೆ ಕೈ ಹಾಕಬೇಡಿ.

ತಪು, ನೊಅ, ರಾಹುಇ

ಇದನ್ನು ನಿಧಾನವಾಗಿ ಓದಿ. ತಪು ಅಂದರೆ ಪವಿತ್ರ, ಹಾಗಾಗಿ ಕಟ್ಟುಪಾಡಿಗೆ ಒಳಪಟ್ಟದ್ದು. ನೊಅ ಅಂದರೆ ಕಟ್ಟುಪಾಡು ಬಿಟ್ಟ, ದಿನನಿತ್ಯದ ಸ್ಥಿತಿ. ನಮಗೆ ತಕ್ಷಣ ಮಡಿ ಮೈಲಿಗೆ ನೆನಪಾಗುತ್ತದೆ. ದಯವಿಟ್ಟು ಆ ಕಡೆ ಎಳೆಯಬೇಡಿ. ನೊಅ ಕೊಳಕಲ್ಲ, ಕೀಳಲ್ಲ. ಎರಡೂ ಬೇಕು, ಎರಡನ್ನೂ ಬೆರೆಸಬಾರದು ಅಷ್ಟೇ. ತಲೆ ತಪು, ಊಟ ನೊಅ. ಇದರಿಂದ ಬರುವ ನಡವಳಿಕೆ ಕಲಿಯಲು ಸುಲಭ: ಊಟದ ಮೇಜಿನ ಮೇಲೆ ಕೂರಬೇಡಿ, ಟೋಪಿ ಇಡಬೇಡಿ. ತಲೆದಿಂಬಿನ ಮೇಲೆ ಕೂರಬೇಡಿ. ಕೇಳದೆ ಯಾರ ತಲೆ ಮುಟ್ಟಬೇಡಿ, ಮುದ್ದಾದ ಮಗುವಿನದೂ. ಪಾತ್ರೆ ಒರೆಸುವ ಬಟ್ಟೆಯನ್ನು ಉಳಿದ ಬಟ್ಟೆಗಳ ಜೊತೆ ಮೆಷಿನ್ನಿಗೆ ಹಾಕಬೇಡಿ. ಮಲಗಿದವರನ್ನು ದಾಟಬೇಡಿ. ನಮ್ಮ ಮನೆಗಳಲ್ಲಿ ಬೆಳೆದವರಿಗೆ ಇದರಲ್ಲಿ ಯಾವುದೂ ವಿಚಿತ್ರ ಅನಿಸುವುದಿಲ್ಲ.

ಸಮುದ್ರ ತೀರದಲ್ಲೋ ಕಾಡಿನ ದಾರಿಯಲ್ಲೋ ರಾಹುಇ ಅಂತ ಬೋರ್ಡ್ ಕಂಡರೆ ಅಲ್ಲಿಗೆ ಸದ್ಯಕ್ಕೆ ಹೋಗಬೇಡಿ, ಈಜಬೇಡಿ, ಚಿಪ್ಪು ಮೀನು ತೆಗೆಯಬೇಡಿ ಅಂತ. ಯಾರಾದರೂ ಮುಳುಗಿ ಸತ್ತಾಗ ಹಾಕುತ್ತಾರೆ, ಪ್ರಕೃತಿಗೆ ಬಿಡುವು ಕೊಡಲೂ ಹಾಕುತ್ತಾರೆ. 2017ರಲ್ಲಿ ಆಕ್ಲೆಂಡಿನ ಪಶ್ಚಿಮದ ವೈತಾಕೆರೆ ಕಾಡಿಗೆ, ಕಉರಿ ಮರಗಳಿಗೆ ಬಂದ ರೋಗ ಹರಡದಿರಲಿ ಅಂತ ಆ ನೆಲದ ಬುಡಕಟ್ಟಿನವರು ರಾಹುಇ ಹಾಕಿದರು. ಎಲ್ಲೇ ಆಗಲಿ ಇಂಥ ಬೋರ್ಡ್ ಕಂಡರೆ, ಪಿಕ್ನಿಕ್ ಬುತ್ತಿ ಕಟ್ಟಿಕೊಂಡು ಹೋಗಿದ್ದರೂ ವಾಪಸ್ ತಿರುಗಿ. ವಾಹಿ ತಪು ಅಂತಿದ್ದರೆ ಅದು ಪವಿತ್ರ ಜಾಗ. ಆಕ್ಲೆಂಡಿನ ಮೌಂಟ್ ಈಡನ್, ಅಂದರೆ ಮಉಙಫಉ ಬೆಟ್ಟದ ಕುಳಿಯೊಳಗೆ ಇಳಿಯಬಾರದು ಅನ್ನುವುದು ಇದೇ ಕಾರಣಕ್ಕೆ.

ಮರಎ ಅನ್ನುವ ಸಭಾ ಅಂಗಳಕ್ಕೆ ಕರೆದರೆ ಖಂಡಿತ ಹೋಗಿ. ಗೇಟಿನಲ್ಲಿ ಕಾಯಿರಿ, ಕರೆಯುವ ಹೆಂಗಸಿನ ದನಿ ಬರುವವರೆಗೆ ಒಳಗೆ ಕಾಲಿಡಬೇಡಿ. ಆ ಕರೆ ಕರಙ, ಇಡೀ ಸ್ವಾಗತ ಪೋಫಿರಿ. ದೊಡ್ಡ ಮನೆ ಫರೆನುಇ ಒಳಗೆ ಚಪ್ಪಲಿ ಬಿಟ್ಟು ಹೋಗಬೇಕು. ಭಾಷಣಗಳಾದ ಮೇಲೆ ಹೊಙಿ, ಮೂಗು ಹಣೆ ಮೆಲ್ಲಗೆ ತಾಗಿಸಿ ಉಸಿರು ಹಂಚಿಕೊಳ್ಳುವುದು. ಕೊಹ ಅಂದರೆ ಕಾಣಿಕೆ, ಲಕೋಟೆಯಲ್ಲಿ ಹಾಕಿ ಗುಂಪಿನ ಹಿರಿಯರ ಕೈಗೆ ಮೊದಲೇ ಕೊಟ್ಟಿರಿ. ಕೊನೆಗೆ ಊಟ, ಅದರಿಂದ ಎಲ್ಲರೂ ನೊಅ ಆಗುತ್ತಾರೆ. ಹಾಗಾಗಿ ಹಸಿವಿಲ್ಲ ಅಂತ ಊಟ ಬಿಟ್ಟು ಹೊರಡಬೇಡಿ. ಸಹೋದ್ಯೋಗಿ ತಙಿಹಙಕ್ಕೆ ಹೋಗಬೇಕು ಅಂದರೆ ಅದು ಸಾಮಾನ್ಯವಾಗಿ ಮೂರು ದಿನ ನಡೆಯುವ ಅಂತ್ಯಕ್ರಿಯೆ. ಒಂದೇ ದಿನ ರಜೆ ಸಾಕಲ್ಲ ಅಂತ ಕೇಳಬೇಡಿ.

ಮತರಿಕಿ

ನಮ್ಮ ಕೃತ್ತಿಕಾ ನಕ್ಷತ್ರವೇ ಇವರ ಮತರಿಕಿ. ಚಳಿಗಾಲದ ನಡುವೆ, ಜೂನ್ ಜುಲೈಯಲ್ಲಿ ಅದು ನಸುಕಿನಲ್ಲಿ ಮತ್ತೆ ಕಾಣಿಸಿಕೊಂಡಾಗ ಮಾವೊರಿ ಹೊಸ ವರ್ಷ. 2022ರ ಜೂನ್ 24ರಂದು ಮೊದಲ ಸಲ ದೇಶಕ್ಕೆಲ್ಲ ರಜೆ ಸಿಕ್ಕಿತು. ಚಂದ್ರನ ಲೆಕ್ಕದ ಹಬ್ಬ, ಹಾಗಾಗಿ ನಮ್ಮ ಹಬ್ಬಗಳ ಹಾಗೆ ತಾರೀಖು ವರ್ಷವರ್ಷ ಬದಲಾಗುತ್ತದೆ. ಆ ವರ್ಷ ತೀರಿಕೊಂಡವರನ್ನು ಹೆಸರು ಹಿಡಿದು ನೆನೆಯುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ಮುಂದಿನ ವರ್ಷಕ್ಕೆ ಹಾರೈಸುತ್ತಾರೆ. ಶುಭಾಶಯಕ್ಕೆ ಮಾನವತಿಅ ಅ ಮತರಿಕಿ ಅನ್ನಿ.

ನಿಮ್ಮ ಪರಿಚಯ ಹೇಳಿಕೊಳ್ಳುವುದು

ಕೆಲಸಕ್ಕೆ ಸೇರಿದ ಹೊಸದರಲ್ಲಿ ಪೆಪೆಹ ಹೇಳಿ ಅಂತ ಕೇಳಬಹುದು. ನನ್ನ ಬೆಟ್ಟ ಇದು, ನನ್ನ ನದಿ ಇದು, ನನ್ನ ಜನ ಇವರು ಅಂತ ಮಾವೊರಿಗಳು ತಮ್ಮ ಬೇರು ಹೇಳುವ ರೀತಿ ಅದು. ನಾವು ಇಲ್ಲಿನ ಬೆಟ್ಟವನ್ನು ನಮ್ಮದು ಅನ್ನುವುದು ಸರಿಯಲ್ಲ. ಕಾವೇರಿ ದಂಡೆಯಲ್ಲಿ ಬೆಳೆದೆ, ಚಾಮುಂಡಿ ಬೆಟ್ಟ ನೋಡುತ್ತ ಬೆಳೆದೆ ಅಂತ ಇಂಗ್ಲಿಷಿನಲ್ಲೇ ಹೇಳಿ, ಚೆನ್ನಾಗಿರುತ್ತದೆ. ಮಾವೊರಿಯಲ್ಲಿ ಇಷ್ಟು ಸಾಕು:

ತೇನಾ ಕೊಉತೊಉ.
ನೋ ಈನಿಅ ಅಹಉ. (ನಾನು ಇಂಡಿಯಾದವನು, ಇಂಡಿಯಾದವಳು)
ಕೆಇ ತಾಮಕಿ ಮಕಉರಉ ಅಹಉ ಎ ನೊಹೊ ಅನ. (ಆಕ್ಲೆಂಡಿನಲ್ಲಿ ಇದ್ದೇನೆ)
ಕೊ, ಆಮೇಲೆ ನಿಮ್ಮ ಹೆಸರು, ಆಮೇಲೆ ತೋಕು ಇಙೊಅ. (ನನ್ನ ಹೆಸರು ಇದು)
ನೋ ರೆಇರ, ತೇನಾ ಕೊಉತೊಉ ಕತೊಅ. (ಆದ್ದರಿಂದ ಎಲ್ಲರಿಗೂ ನಮಸ್ಕಾರ)

ಚೀಟಿ ನೋಡಿಕೊಂಡು ಓದಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ಮೊದಲು ನೀವಿರುವ ಬೀದಿ, ಬಡಾವಣೆ, ಪಕ್ಕದ ಗುಡ್ಡದ ಹೆಸರು. ಆಮೇಲೆ ಜೊತೆಗೆ ಕೆಲಸ ಮಾಡುವವರ, ಮಕ್ಕಳ ಗೆಳೆಯರ ಹೆಸರು. ಗೊತ್ತಾಗದಿದ್ದರೆ ಅವರನ್ನೇ ಕೇಳಿ, ಕೇಳಿದ ಕೂಡಲೇ ಕನ್ನಡದಲ್ಲಿ ಬರೆದುಕೊಳ್ಳಿ. ಪದದ ಅರ್ಥ ಬೇಕಾದರೆ ತೆ ಅಕ ಅನ್ನುವ ಆನ್‌ಲೈನ್ ನಿಘಂಟು ಇದೆ, ಎಷ್ಟೋ ಪದಗಳಿಗೆ ದನಿಯೂ ಸಿಗುತ್ತದೆ. ಫಕಾತ ಮಾವೊರಿ ಅನ್ನುವ ಟಿವಿ ಚಾನೆಲ್‌ನಲ್ಲಿ ಮಕ್ಕಳ ಕಾರ್ಯಕ್ರಮ ಹಾಕಿಕೊಂಡು ಕೂತರೆ ದೊಡ್ಡವರಿಗೂ ಕಿವಿ ಪಳಗುತ್ತದೆ. ಕ್ರಮವಾಗಿ ಕಲಿಯುವ ಆಸೆ ಇದ್ದರೆ, ಸಿಟಿಜನ್ ಅಥವಾ ರೆಸಿಡೆಂಟ್ ಆಗಿರುವವರಿಗೆ ತೆ ವಾನಙ ಒ ಅಒತೆಅರೊಅ ಸಂಸ್ಥೆಯಲ್ಲಿ ಶುಲ್ಕವಿಲ್ಲದ ಕೋರ್ಸುಗಳಿವೆ. ಸೆಪ್ಟೆಂಬರಿನ ಭಾಷಾ ಸಪ್ತಾಹದಲ್ಲಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಕತೆ ಹೇಳುವ, ಹಾಡಿಸುವ ಕಾರ್ಯಕ್ರಮ ಇರುತ್ತವೆ. ಮಕ್ಕಳ ಜೊತೆ ನೀವೂ ಕೂತುಕೊಳ್ಳಿ.